ಗೆದ್ದವರ ಖಾತೆಯಲ್ಲಿ ಸೊನ್ನೆ

ಲಂಡನ್ನಿನ ವಿಂಬಲ್ಡನ್ ಅಂಗಣದಲ್ಲಿ 2022ರ ಜುಲೈ 9ರಂದು ಎಲೆನಾ ರಿಬಾಕಿನಾ ಎಂಬ 23ರ ಹರೆಯದ ಯುವತಿ ಮಹಿಳೆಯರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು. ಟೆನಿಸ್ ಆಡುವ ಯಾರನ್ನು ಕೇಳಿದರೂ ಇದಕ್ಕಿಂತ ದೊಡ್ಡ ಗೆಲುವು ಇಲ್ಲವೆಂದೇ ಹೇಳಿಯಾರು. ಎರಡು ದಿನಗಳ ಬಳಿಕ, ಸೋಮವಾರ, ವಿಶ್ವ ರ‍್ಯಾಂಕಿಂಗ್‌ನ ಹೊಸ ಪಟ್ಟಿ ಪ್ರಕಟವಾಯಿತು. ಟೂರ್ನಿಗೆ ಮೊದಲು ರಿಬಾಕಿನಾ 23ನೇ ಸ್ಥಾನದಲ್ಲಿದ್ದರು. ಗೆದ್ದ ಮೇಲೂ 23ನೇ ಸ್ಥಾನದಲ್ಲಿಯೇ ಉಳಿದರು. ಫೈನಲಿನಲ್ಲಿ ಅವರೆದುರು ಸೋತ ಟ್ಯುನೀಸಿಯಾದ ಆನ್ಸ್ ಜಬೇರ್ ಅವರದು ಇನ್ನೂ ವಿಚಿತ್ರ ಪಾಡು. ಅವರು ಎರಡನೇ ಸ್ಥಾನದಿಂದ ಐದಕ್ಕೆ ಕುಸಿದರು. ಅವರು ತೆರವುಗೊಳಿಸಿದ ಎರಡನೇ ಸ್ಥಾನಕ್ಕೆ ಬಂದವರು ಎಸ್ಟೋನಿಯಾದ ಅನೆಟ್ ಕೊಂಟವೇಟ್. ಅವರೋ ಅದೇ ವಿಂಬಲ್ಡನ್ನಿನ ಎರಡನೇ ಸುತ್ತಿನಲ್ಲಿಯೇ ಸೋತು ಮನೆಗೆ ಹೋಗಿದ್ದರು!

ಇದು ಗಣಕಯಂತ್ರದ ತಪ್ಪಲ್ಲ. ಮನುಷ್ಯರು ಕುಳಿತು, ಚರ್ಚಿಸಿ, ತಿಳಿದೇ ಕೈಗೊಂಡ ತೀರ್ಮಾನದ ಫಲ. ಆದ್ದರಿಂದ ಕ್ರೀಡಾ ಪುಟದ ಸುದ್ದಿಯೆಂದು ಇದನ್ನು ಮಗುಚಿ ಹಾಕುವಂತಿಲ್ಲ.

ಮೊದಲು ಈ ಪಟ್ಟಿಯ ಲೆಕ್ಕಾಚಾರವನ್ನು ಅರಿಯೋಣ. ಮಹಿಳಾ ಟೆನಿಸ್‌ನಲ್ಲಿ ಗಣಕಯಂತ್ರದ ಮೂಲಕ ರ‍್ಯಾಂಕಿಂಗ್ ಆರಂಭವಾದದ್ದು 1975ರ ನವೆಂಬರ್‌ನಲ್ಲಿ. ಮೊದಲ ಸ್ಥಾನದಲ್ಲಿದ್ದವರು ಅಮೇರಿಕದ ಕ್ರಿಸ್ ಎವರ್ಟ್. ನಿಯಮ ಸರಳ. ಕಳೆದ 52 ವಾರಗಳಲ್ಲಿ ಗಳಿಸಿದ ಅಂಕಗಳು ಮಾತ್ರ ಲೆಕ್ಕಕ್ಕೆ. ವಿಂಬಲ್ಡನ್‌ನಂಥ ಗ್ರ್ಯಾನ್‌ಸ್ಲಾಮ್ ಗೆದ್ದರೆ 2000 ಅಂಕ, ಫೈನಲಿನಲ್ಲಿ ಸೋತರೆ 1300, ಸೆಮಿಫೈನಲಿಗೆ 780, ಕ್ವಾರ್ಟರ್ ಫೈನಲಿಗೆ 430. ಒಂದು ವರ್ಷ ತುಂಬಿದ ಕೂಡಲೇ ಹಳೆಯ ಅಂಕ ಅಳಿಯುತ್ತದೆ; ಆ ಜಾಗವನ್ನು ಹೊಸ ಗಳಿಕೆಯಿಂದ ತುಂಬಬೇಕು. ಹಿಂದಿನ ವರ್ಷದ ಹೆಸರಿನ ಮೇಲೆ ಕುಳಿತು ಉಣ್ಣುವಂತಿಲ್ಲ. 2021ರಲ್ಲಿ ಯು.ಎಸ್. ಓಪನ್ ಗೆದ್ದು ಲೋಕವನ್ನು ಬೆರಗುಗೊಳಿಸಿದ ಬ್ರಿಟನ್ನಿನ ಎಮ್ಮಾ ರಾಡುಕಾನು 2022ರಲ್ಲಿ ಅಲ್ಲಿಯ ಮೊದಲ ಸುತ್ತಿನಲ್ಲಿ ಸೋತರು. 11ನೇ ಸ್ಥಾನದಿಂದ 83ಕ್ಕೆ ಬಿದ್ದರು. ನಿರ್ದಯ ಲೆಕ್ಕವೇನೋ ಹೌದು. ಆದರೆ ಅದಕ್ಕೊಂದು ಘನತೆಯಿದೆ. ನಿನ್ನ ತಂದೆ ಯಾರು, ನಿನ್ನ ಊರು ಯಾವುದು, ನೀನು ಯಾವ ಭಾಷೆಯಲ್ಲಿ ಅಳುತ್ತೀ ಎಂದು ಅದು ಕೇಳುವುದಿಲ್ಲ. ಗೆದ್ದೆಯಾ, ಬರೆದುಕೊಳ್ಳುತ್ತದೆ. ಸೋತೆಯಾ, ಅಳಿಸುತ್ತದೆ. ಬಡದೇಶಗಳ ಮಕ್ಕಳು ಈ ಪಟ್ಟಿಯನ್ನು ನಂಬಿ ಬ್ಯಾಟು ಹಿಡಿಯುವುದು ಈ ಕಾರಣಕ್ಕಾಗಿಯೇ.

2022ರ ಹಂಗಾಮು ಆರಂಭದಿಂದಲೇ ಅಸಾಮಾನ್ಯವಾಗಿತ್ತು. ಜನವರಿಯಲ್ಲಿ ಆ್ಯಶ್ಲಿ ಬಾರ್ಟಿ ಆಸ್ಟ್ರೇಲಿಯನ್ ಓಪನ್ ಗೆದ್ದರು. 1978ರ ಬಳಿಕ ಆ ದೇಶದವರೊಬ್ಬರು ಅಲ್ಲಿ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು. ಎರಡು ತಿಂಗಳು ತುಂಬುವುದರೊಳಗೆ, ಮಾರ್ಚ್ 23ರಂದು, 25ರ ಪ್ರಾಯದಲ್ಲಿ, ಒಂದನೇ ಸ್ಥಾನದಲ್ಲಿರುವಾಗಲೇ ಅವರು ಆಟಕ್ಕೆ ವಿದಾಯ ಹೇಳಿದರು. ತನ್ನ ಹೆಸರನ್ನು ಪಟ್ಟಿಯಿಂದ ತೆಗೆದುಬಿಡಿ ಎಂದೂ ಕೋರಿದರು. ಕುರ್ಚಿಗೆ ಅಂಟಿಕೊಂಡವರನ್ನೇ ನಿತ್ಯ ನೋಡುವ ನಮಗೆ ಇದು ಅಚ್ಚರಿಯೇ. ತೆರವಾದ ಸ್ಥಾನಕ್ಕೆ ಏಪ್ರಿಲ್ 4ರಂದು ಪೋಲೆಂಡಿನ ಇಗಾ ಶ್ವಾಂಟೆಕ್ ಬಂದರು. ಬಾಗಿಲು ತೆರೆದಿತ್ತೆಂದು ಒಳಗೆ ಬಂದವರೆಂಬ ಮಾತಿಗೆ ಅವರು ಎಡೆಗೊಡಲಿಲ್ಲ. ದೋಹಾ, ಇಂಡಿಯನ್ ವೆಲ್ಸ್, ಮಯಾಮಿ, ಸ್ಟುಟ್‌ಗಾರ್ಟ್, ರೋಮ್, ಪ್ಯಾರಿಸ್ ಹೀಗೆ ಸಾಲಾಗಿ ಆರು ಪ್ರಶಸ್ತಿಗಳನ್ನು ಗೆದ್ದರು. ಸತತ 37 ಪಂದ್ಯಗಳಲ್ಲಿ ಅವರನ್ನು ಸೋಲಿಸುವವರೇ ಇರಲಿಲ್ಲ.

ಶ್ವಾಂಟೆಕ್‌ರ ಬೆನ್ನ ಹಿಂದೆಯೇ ಮೇಲೇರಿದವರು ಆನ್ಸ್ ಜಬೇರ್. ಅರಬಿ ಉಚ್ಚಾರದಲ್ಲಿ ಉನ್ಸ್ ಜಾಬಿರ್. ಟ್ಯುನೀಸಿಯಾದ ಸಣ್ಣ ಪಟ್ಟಣವೊಂದರಲ್ಲಿ 1994ರಲ್ಲಿ ಹುಟ್ಟಿದವರು. ಮೂರರ ಹರೆಯದಲ್ಲಿ ಟೆನಿಸ್ ಅಂಗಣಕ್ಕೆ ಕರೆದೊಯ್ದದ್ದು ತಾಯಿ. 2011ರಲ್ಲಿ ಫ್ರೆಂಚ್ ಓಪನ್ ಕಿರಿಯರ ಪ್ರಶಸ್ತಿ ಗೆದ್ದಾಗ ಈ ಹುಡುಗಿ ಬೇಗನೆ ಮೇಲೆ ಬರುವಳೆಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಅಗ್ರ ನೂರರೊಳಗೆ ಕಾಲಿಡಲು ಅವರಿಗೆ 2017ರ ವರೆಗೆ ಕಾಯಬೇಕಾಯಿತು. ಆರು ವರ್ಷಗಳು! ಹಿಂದೆ ಯಾರೂ ನಡೆಯದ ಹಾದಿಯಲ್ಲಿ ನಡೆಯುವವರ ವೇಗ ಅಷ್ಟೇ. 2022ರ ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಗೆದ್ದು, ಆ ಮಟ್ಟದ ಪ್ರಶಸ್ತಿಯನ್ನು ಗೆದ್ದ ಮೊದಲ ಅರಬ್ ಹಾಗೂ ಆಫ್ರಿಕನ್ ಮಹಿಳೆಯಾದರು. ಜೂನ್‌ನಲ್ಲಿ ಬರ್ಲಿನ್ ಗೆದ್ದರು. ವಿಂಬಲ್ಡನ್ ಆರಂಭವಾದ ಜೂನ್ 27ರಂದೇ ವಿಶ್ವದ ಎರಡನೇ ಸ್ಥಾನಕ್ಕೇರಿದರು. ಅವರ ನಗುಮುಖಕ್ಕಾಗಿ ಟ್ಯುನೀಸಿಯಾದ ಜನ ಅವರನ್ನು 'ಸಂತೋಷದ ಮಂತ್ರಿ' ಎಂದು ಕರೆಯುತ್ತಾರೆ. ವಿಂಬಲ್ಡನ್ ಫೈನಲ್ ನಡೆದ ಶನಿವಾರ ಆ ದೇಶದಲ್ಲಿ ಬಕ್ರೀದ್. ಹಬ್ಬದೂಟ ಮುಗಿಸಿ ಒಂದಿಡೀ ದೇಶವೇ ಟಿ.ವಿ.ಯ ಮುಂದೆ ಕುಳಿತಿತ್ತು. ಮೊದಲ ಸೆಟ್ 6-3ರಿಂದ ಗೆದ್ದರು. ಮುಂದಿನೆರಡನ್ನು 2-6, 2-6ರಿಂದ ಸೋತರು.

ಗೆದ್ದವರಿಗೆ ಅಂಕವಿಲ್ಲ, ಸೋತವರಿಗೆ ಹಿಂಬಡ್ತಿ ಎಂಬ ಸ್ಥಿತಿ ಬಂದದ್ದು ಹೇಗೆ?

2022ರ ಫೆಬ್ರವರಿ 24ರಂದು ರಷ್ಯ ಉಕ್ರೇನಿನ ಮೇಲೆ ದಾಳಿ ಮಾಡಿತು. ಮಾರ್ಚ್ ಆರಂಭದಲ್ಲಿ ಟೆನಿಸ್ ಸಂಸ್ಥೆಗಳೆಲ್ಲ ಒಟ್ಟಾಗಿ ಒಂದು ತೀರ್ಮಾನಕ್ಕೆ ಬಂದವು. ರಷ್ಯ ಮತ್ತು ಅದಕ್ಕೆ ನೆಲ ಒದಗಿಸಿದ ಬೆಲಾರುಸ್ ದೇಶಗಳ ತಂಡಗಳು ಹೊರಗೆ. ಆಟಗಾರರು ಮಾತ್ರ ಧ್ವಜವಿಲ್ಲದೆ, ದೇಶದ ಹೆಸರಿಲ್ಲದೆ, ಕೇವಲ ವ್ಯಕ್ತಿಗಳಾಗಿ ಆಡಬಹುದು. ಹಿಂದಿನ ವರ್ಷವಷ್ಟೇ ಬಿಲ್ಲಿ ಜೀನ್ ಕಿಂಗ್ ಕಪ್ ಗೆದ್ದಿದ್ದ ರಷ್ಯದ ಮಹಿಳಾ ತಂಡಕ್ಕೆ ಅದನ್ನು ಉಳಿಸಿಕೊಳ್ಳುವ ಅವಕಾಶವೇ ಇಲ್ಲವಾಯಿತು. ನಮ್ಮ ದೃಷ್ಟಿಯಲ್ಲಿ ಇದು ನ್ಯಾಯವಾದ ಗೆರೆ. ತಂಡವೆಂದರೆ ದೇಶ, ಧ್ವಜವೆಂದರೆ ಸರ್ಕಾರ. ಯುದ್ಧ ಸಾರಿದ ಸರ್ಕಾರಕ್ಕೆ ಮೆರವಣಿಗೆಯ ಅವಕಾಶ ಕೊಡಬೇಕಿಲ್ಲ. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದೊಂದಿಗೆ ಆಡುವುದಿಲ್ಲವೆಂದು ಕಪ್ಪನ್ನೇ ಬಿಟ್ಟುಕೊಟ್ಟದ್ದನ್ನು ನಾವು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಅಂದು ಅಮೃತರಾಜ್ ಸೋದರರು ಕಳೆದುಕೊಂಡದ್ದು ಸಣ್ಣದೇನಲ್ಲ.

ಆದರೆ ಏಪ್ರಿಲ್ 20ರಂದು ವಿಂಬಲ್ಡನ್ ಈ ಗೆರೆಯನ್ನು ದಾಟಿತು. ರಷ್ಯ ಮತ್ತು ಬೆಲಾರುಸ್‌ನ ಪಾಸ್‌ಪೋರ್ಟ್ ಇರುವ ಯಾರೂ ತನ್ನ ಅಂಗಣಕ್ಕೆ ಕಾಲಿಡಕೂಡದು ಎಂದಿತು. ಅವರ ಗೆಲುವಿನಿಂದ ರಷ್ಯದ ಆಡಳಿತ ಲಾಭ ಪಡೆಯಬಾರದು ಎಂಬುದು ಕೊಟ್ಟ ಕಾರಣ. ಇದಕ್ಕೆ ಪ್ರತಿಯಾಗಿ ಡಬ್ಲ್ಯುಟಿಎ ಎಂಬ ಮಹಿಳಾ ಟೆನಿಸ್ ಸಂಘ, ಪುರುಷರ ಸಂಘದೊಂದಿಗೆ ಸೇರಿ, ಮೇ 20ರಂದು ಆ ವರ್ಷದ ವಿಂಬಲ್ಡನ್ನಿಗೆ ಅಂಕಗಳೇ ಇಲ್ಲ ಎಂದು ಘೋಷಿಸಿತು. ಎಲ್ಲರಿಗೂ ಬಾಗಿಲು ತೆರೆಯದ ಟೂರ್ನಿ ಎಲ್ಲರ ಲೆಕ್ಕದ ಪುಸ್ತಕಕ್ಕೆ ಬರಕೂಡದು ಎಂಬ ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ 2021ರ ವಿಂಬಲ್ಡನ್ ಅಂಕಗಳು ಮಾತ್ರ ಅಳಿಯಲೇಬೇಕು ಎಂದರು. ಹಳೆಯದು ಹೋಯಿತು, ಹೊಸದು ಬರಲಿಲ್ಲ. ಜಬೇರ್ ಕುಸಿದದ್ದು ಇದರಿಂದಲೇ. 2021ರ ಕ್ವಾರ್ಟರ್ ಫೈನಲಿನ 430 ಅಂಕ ಅಳಿಯಿತು, 2022ರ ಫೈನಲಿನ 1300 ಬರೆಯಲ್ಪಡಲಿಲ್ಲ. ಎರಡು ಕೋಣಗಳ ಕಾಳಗದಲ್ಲಿ ತುಳಿತಕ್ಕೆ ಸಿಕ್ಕಿದ್ದು ಗಿಡ.

ಅನ್ಯ ದಾರಿ ಇರಲಿಲ್ಲವೇ? ಇತ್ತು. 2020ರಲ್ಲಿ ಕೊರೋನಾದಿಂದ ಟೂರ್ನಿಗಳೇ ನಿಂತಾಗ ಇದೇ ಸಂಘ ರ‍್ಯಾಂಕಿಂಗನ್ನು ಸ್ತಂಭನಗೊಳಿಸಿ, ಹಳೆಯ ಅಂಕಗಳನ್ನು ಉಳಿಸಿಕೊಟ್ಟಿತ್ತು. ಲೆಕ್ಕ ಬರೆಯುವವರಿಗೆ ಕರುಣೆ ತೋರಿಸಲು ಬರುತ್ತದೆ. 2022ರಲ್ಲಿ ತೋರಿಸಬೇಕೆಂದು ಅನಿಸಲಿಲ್ಲ, ಅಷ್ಟೇ.

ಅಷ್ಟಕ್ಕೂ, ವಿಂಬಲ್ಡನ್ ತನ್ನ ಉದ್ದೇಶವನ್ನಾದರೂ ಸಾಧಿಸಿತೇ? ಪ್ರಶಸ್ತಿ ಗೆದ್ದ ರಿಬಾಕಿನಾ ಹುಟ್ಟಿದ್ದು ಮಾಸ್ಕೋದಲ್ಲಿ. ಆಟ ಕಲಿತದ್ದು ಅಲ್ಲಿಯೇ. ಹಣಕಾಸಿನ ಬೆಂಬಲ ಸಿಕ್ಕಿತೆಂದು 2018ರಲ್ಲಿ ಕಝಾಕಿಸ್ತಾನದ ಪೌರತ್ವ ಪಡೆದವರು. ಆ ದೇಶಕ್ಕೆ ಮೊದಲ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ತಂದುಕೊಟ್ಟರು. ಅವರ ಹೆತ್ತವರು ಆಗಲೂ ಮಾಸ್ಕೋದಲ್ಲಿದ್ದರು. ಅವರು ಗೆದ್ದ ಕೂಡಲೇ ರಷ್ಯದ ಟೆನಿಸ್ ಒಕ್ಕೂಟದ ಮುಖ್ಯಸ್ಥರು ಇದು ನಮ್ಮ ಶಾಲೆಯ ಗೆಲುವು ಎಂದು ಬೀಗಿದರು. ಯಾರು ಲಾಭ ಪಡೆಯಬಾರದೆಂದು ಬಾಗಿಲು ಹಾಕಿದರೋ ಅವರು ಕಿಟಕಿಯಿಂದ ಕೈ ಹಾಕಿ ಲಾಭ ಎತ್ತಿಕೊಂಡರು. ರಷ್ಯದವರಾದ ನತೇಲಾ ಜಲಮಿಝೆ ಎಂಬ ಆಟಗಾರ್ತಿ ವಿಂಬಲ್ಡನ್ನಿಗೆ ಮುಂಚೆ ಜಾರ್ಜಿಯಾದ ಹೆಸರಿನಲ್ಲಿ ನೋಂದಾಯಿಸಿಕೊಂಡು ಡಬಲ್ಸ್ ಆಡಿದರು. ಅದೇ ಆಕೆ, ಅದೇ ಕೈ, ಅದೇ ಬ್ಯಾಟು; ಬದಲಾದದ್ದು ಒಂದು ಕಾಗದ. ಇನ್ನೊಂದೆಡೆ ಆ ಜುಲೈಯಲ್ಲಿಯೇ ಯುದ್ಧ ನಿಲ್ಲಬೇಕೆಂದು ಬಹಿರಂಗವಾಗಿ ಹೇಳುವ ಧೈರ್ಯ ಮಾಡಿದ ರಷ್ಯದ ಡಾರಿಯಾ ಕಸತ್ಕಿನಾ ನಿಷೇಧಿತರ ಸಾಲಿನಲ್ಲಿದ್ದರು. ಯಾರ ಅಂತರಂಗ ಏನೆಂಬುದನ್ನು ಪಾಸ್‌ಪೋರ್ಟಿನ ರಟ್ಟು ಹೇಳುವುದಿಲ್ಲ.

ಈ ಮಾಸ್ಕೋ-ಕಝಾಕಿಸ್ತಾನದ ಹಾದಿ ನಮಗೆ ಅಪರಿಚಿತವೂ ಅಲ್ಲ. 2007ರಲ್ಲಿ ಬೆಂಗಳೂರಿನ ಡಬ್ಲ್ಯುಟಿಎ ಟೂರ್ನಿಯನ್ನು ಗೆದ್ದ ಯಾರೊಸ್ಲಾವಾ ಶ್ವೆಡೋವಾ ಆಗ ರಷ್ಯದವರು. ಮರುವರ್ಷ ಅವರೂ ಕಝಾಕಿಸ್ತಾನದ ಪರ ಆಡತೊಡಗಿದರು. ಕಬ್ಬನ್ ಪಾರ್ಕಿನಲ್ಲಿ ಅಂದು ಚಪ್ಪಾಳೆ ತಟ್ಟಿದವರು ಆಟ ನೋಡಿ ತಟ್ಟಿದ್ದರೇ ಹೊರತು ರಾಷ್ಟ್ರೀಯತೆ ನೋಡಿ ಅಲ್ಲ.

ಇಲ್ಲಿ ಉಕ್ರೇನಿನ ಹೆಣ್ಣುಮಕ್ಕಳ ನೋವನ್ನು ಮರೆತರೆ ನಮ್ಮ ಮಾತಿಗೆ ಬೆಲೆಯಿರದು. ಮನೆಯ ಮೇಲೆ ಕ್ಷಿಪಣಿ ಬೀಳುತ್ತಿರುವಾಗ ಆ ದೇಶದ ಆಟಗಾರ್ತಿಯೊಡನೆ ನೆಟ್ಟಿನ ಬಳಿ ಕೈಕುಲುಕುವುದು ಸುಲಭವೇ? ಯು.ಎಸ್. ಓಪನ್‌ನಲ್ಲಿ ಉಕ್ರೇನಿನ ಮಾರ್ತಾ ಕೊಸ್ತ್ಯುಕ್ ಬೆಲಾರುಸ್‌ನ ವಿಕ್ಟೋರಿಯಾ ಅಜರೆಂಕಾ ಎದುರು ಸೋತ ಬಳಿಕ ಕೈ ಚಾಚದೆ ಬ್ಯಾಟಿಗೆ ಬ್ಯಾಟು ತಾಗಿಸಿ ನಡೆದರು. ಅವರನ್ನು ದೂರುವ ಅಧಿಕಾರ ನಮಗಿಲ್ಲ. ಎಲಿನಾ ಸ್ವಿಟೊಲಿನಾ ಮಾರ್ಚ್‌ನಲ್ಲಿ, ಧ್ವಜ ತೆಗೆಯುವವರೆಗೆ ರಷ್ಯದವರೊಡನೆ ಆಡಲಾರೆ ಎಂದು ಪಟ್ಟು ಹಿಡಿದರು; ತೆಗೆದ ಮೇಲೆ ಆಡಿ ಗೆದ್ದರು. ಶ್ವಾಂಟೆಕ್ ಉಕ್ರೇನಿನ ಬಣ್ಣದ ರಿಬ್ಬನನ್ನು ಟೋಪಿಗೆ ಸಿಕ್ಕಿಸಿಕೊಂಡು ವರ್ಷವಿಡೀ ಆಡಿದರು, ಜುಲೈ 23ರಂದು ಕ್ರಾಕೋವ್ ನಗರದಲ್ಲಿ ಸಂತ್ರಸ್ತರಿಗಾಗಿ ಸಹಾಯಾರ್ಥ ಪಂದ್ಯ ನಡೆಸಿದರು. ಅಂಪೈರ್ ಕುರ್ಚಿಯಲ್ಲಿ ಕುಳಿತವರು ಸ್ವಿಟೊಲಿನಾ. ಪೀಡಿತರ ಪರ ನಿಲ್ಲುವುದಕ್ಕೆ ಯಾರ ಹೆಸರನ್ನೂ ಹೊಡೆದುಹಾಕಬೇಕಿಲ್ಲ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಪ್ರಶ್ನೆಯಿರುವುದು ನಿಯಮ ಬರೆಯುವವರಲ್ಲಿ. 2003ರ ಮಾರ್ಚ್‌ನಲ್ಲಿ ಅಮೇರಿಕ ಮತ್ತು ಬ್ರಿಟನ್ ಸೇರಿ ಇರಾಕಿನ ಮೇಲೆ ದಂಡೆತ್ತಿ ಹೋದವು. ಅದಾಗಿ ಮೂರೂವರೆ ತಿಂಗಳಲ್ಲಿ ವಿಂಬಲ್ಡನ್ ಫೈನಲ್ ನಡೆಯಿತು. ಆಡಿದವರು ಅಮೇರಿಕದ ಸೆರೆನಾ ಮತ್ತು ವೀನಸ್ ವಿಲಿಯಮ್ಸ್. ಬುಷ್‌ರ ಯುದ್ಧಕ್ಕೆ ನೀವು ಪರವೋ ವಿರೋಧವೋ ಎಂದು ಯಾರೂ ಅವರಿಂದ ಬರೆಸಿಕೊಳ್ಳಲಿಲ್ಲ. ಬರೆಸಿಕೊಳ್ಳಬಾರದಿತ್ತು ಕೂಡ. ಬಗ್ದಾದಿನ ಮೇಲೆ ಬಿದ್ದ ಬಾಂಬಿಗೆ ಕಾಂಪ್ಟನ್ನಿನ ಬೀದಿಯಲ್ಲಿ ಆಟ ಕಲಿತ ಅಕ್ಕತಂಗಿಯರು ಹೊಣೆಯಲ್ಲ. ಹಾಗಿದ್ದರೆ ಮರಿಯುಪೋಲ್‌ನ ಮೇಲೆ ಬಿದ್ದ ಬಾಂಬಿಗೆ ಮಿನ್ಸ್ಕ್‌ನ ಅರಿನಾ ಸಬಲೆಂಕಾ ಹೇಗೆ ಹೊಣೆ? 2021ರ ವಿಂಬಲ್ಡನ್ನಿನಲ್ಲಿ ಸೆಮಿಫೈನಲ್ ತಲುಪಿದ್ದ ಸಬಲೆಂಕಾರ 780 ಅಂಕಗಳು ಆಡುವ ಅವಕಾಶವೂ ಇಲ್ಲದೆ ಅಳಿದವು. ಒಂದು ದೇಶದವರ ವಿಷಯದಲ್ಲಿ ವ್ಯಕ್ತಿ ಬೇರೆ, ಸರ್ಕಾರ ಬೇರೆ. ಇನ್ನೊಂದು ದೇಶದವರಾದರೆ ಎರಡೂ ಒಂದೇ. ಈ ತಕ್ಕಡಿಯನ್ನು ನಾವು ಬಲ್ಲೆವು. ಎಲ್ಲೋ ಯಾರೋ ಮಾಡಿದ ಕೃತ್ಯಕ್ಕೆ ಮರುದಿನ ತನ್ನ ಅಂಗಡಿಯ ಮುಂದೆ ನಿಂತು ಖಂಡಿಸಿದೆಯಾ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರಿಗೆ ಅದರ ಭಾರ ಗೊತ್ತು.

ಡಬ್ಲ್ಯುಟಿಎಯ ನಿಷ್ಠುರತೆಯೂ ಎಲ್ಲ ಕಾಲಕ್ಕೂ ಒಂದೇ ತೆರನಾಗಿ ಉಳಿಯಲಿಲ್ಲ. ಚೀನಾದ ಪೆಂಗ್ ಶುಯಿ ಅಲ್ಲಿಯ ಮಾಜಿ ಉಪಪ್ರಧಾನಿಯ ಮೇಲೆ ಆರೋಪ ಹೊರಿಸಿ ಕಣ್ಮರೆಯಾದಾಗ, 2021ರ ಡಿಸೆಂಬರ್‌ನಲ್ಲಿ ಈ ಸಂಘ ಚೀನಾದ ಎಲ್ಲ ಟೂರ್ನಿಗಳನ್ನು ಕೈಬಿಟ್ಟಿತು. ದೊಡ್ಡ ಹಣವನ್ನು ಬಿಟ್ಟ ಆ ನಿಲುವನ್ನು ಮೆಚ್ಚಲೇಬೇಕು. 2023ರ ಏಪ್ರಿಲ್‌ನಲ್ಲಿ ಕೇಳಿದ್ದೇನೂ ಸಿಗದೆಯೇ ಅದು ಚೀನಾಕ್ಕೆ ಮರಳುವುದಾಗಿ ಪ್ರಕಟಿಸಿತು.

ಈಗ ನಮ್ಮ ಮನೆಯ ಮಾತು. ಜಬೇರ್ ಫೈನಲ್ ತಲುಪಿದಾಗ ನಮ್ಮಲ್ಲಿ ಎಷ್ಟೋ ಮಂದಿ ಸಂಭ್ರಮಿಸಿದೆವು. ಆ ಸಂಭ್ರಮದಲ್ಲಿ ಎಷ್ಟು ಪಾಲು ಅವರ ಆಟಕ್ಕೆ, ಎಷ್ಟು ಪಾಲು ಅವರ ಹೆಸರಿಗೆ? ಅವರ ಆ ಮೋಹಕ ಡ್ರಾಪ್ ಶಾಟನ್ನು, ಆ ತಾಳ್ಮೆಯನ್ನು ನೋಡಿದವರೆಷ್ಟು? ಹೆಸರು ನೋಡಿ ಹೊಗಳುವುದೂ ಪಾಸ್‌ಪೋರ್ಟ್ ನೋಡಿ ತಳ್ಳುವುದೂ ಒಂದೇ ಬೇರಿನ ಎರಡು ಕವಲುಗಳು. ನಮ್ಮ ನೆನಪು ಅಷ್ಟು ಹಳತಲ್ಲದಿದ್ದರೆ 2005ನ್ನು ಒಮ್ಮೆ ತಿರುವಿ ನೋಡೋಣ. ವರ್ಷಾರಂಭಕ್ಕೆ ಇನ್ನೂರರ ಆಚೆಗಿದ್ದ ಸಾನಿಯಾ ಮಿರ್ಝಾ ಫೆಬ್ರವರಿಯಲ್ಲಿ ಹೈದರಾಬಾದ್‌ನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಗೆದ್ದ ಮೊದಲ ಭಾರತೀಯಳಾದರು, ಯು.ಎಸ್. ಓಪನ್‌ನ ನಾಲ್ಕನೇ ಸುತ್ತು ತಲುಪಿದರು, ವರ್ಷಾಂತ್ಯಕ್ಕೆ 31ರಲ್ಲಿದ್ದರು. 18ರ ಹುಡುಗಿಯೊಬ್ಬಳು ಒಂದೇ ವರ್ಷದಲ್ಲಿ ಏರಿದ ಮೆಟ್ಟಿಲುಗಳವು. ನಮ್ಮ ಜಗಲಿಗಳಲ್ಲಿ ನಡೆದ ಚರ್ಚೆ ಆ ಮೆಟ್ಟಿಲುಗಳದ್ದಾಗಿತ್ತೇ, ಆಕೆಯ ಉಡುಪಿನದ್ದಾಗಿತ್ತೇ? ಉಡುಪಿನ ಬಗ್ಗೆ ಅಭಿಪ್ರಾಯ ಇರಬಹುದು, ಅದು ಬೇರೆ. ಆದರೆ ಹೆಣ್ಣುಮಗಳೊಬ್ಬಳ ದುಡಿಮೆಯನ್ನು ಕಾಣದಷ್ಟು ಅದು ಕಣ್ಣನ್ನು ಮುಚ್ಚಿತ್ತು. ಹೊರಗಿನವರು ಇನ್ನೊಂದು ತುದಿಯಿಂದ ಎಳೆದರು. 2008ರಲ್ಲಿ ಧ್ವಜದ ಬಳಿ ಕಾಲು ಚಾಚಿದರೆಂದು ಒಂದು ಫೋಟೋ ಹಿಡಿದು ದೇಶನಿಷ್ಠೆಯನ್ನೇ ಪ್ರಶ್ನಿಸಿದರು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತಂಟೆ ಎಂದು ಬೇಸತ್ತು ಆ ವರ್ಷ ಅವರು ಬೆಂಗಳೂರಿನ ಟೂರ್ನಿಗೆ ಬರಲೇ ಇಲ್ಲ. ನಮ್ಮದೇ ರಾಜ್ಯದ ಅಂಗಣದಲ್ಲಿ ನಮ್ಮ ಮಕ್ಕಳು ಅವರನ್ನು ನೋಡುವ ಅವಕಾಶ ಹೀಗೆ ತಪ್ಪಿತು. ಅದೇ ಸಾನಿಯಾ 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದರು.

2022ರ ಹಂಗಾಮಿನ ಉಳಿದ ಭಾಗವನ್ನು ಬೇಗ ಹೇಳಿ ಮುಗಿಸಬಹುದು. ಯು.ಎಸ್. ಓಪನ್ ಫೈನಲಿನಲ್ಲಿ ಶ್ವಾಂಟೆಕ್ ಜಬೇರ್‌ರನ್ನು 6-2, 7-6ರಿಂದ ಸೋಲಿಸಿದರು. ಜಬೇರ್‌ಗೆ ಎರಡನೇ ಸ್ಥಾನ ಮರಳಿ ಸಿಕ್ಕಿತು. ಅದೇ ಟೂರ್ನಿಯಲ್ಲಿ ತಮ್ಮ ಕೊನೆಯ ಪಂದ್ಯಗಳನ್ನಾಡಿದ ಸೆರೆನಾ ವಿಲಿಯಮ್ಸ್, ಪಟ್ಟಿಯಲ್ಲಿ ಆರುನೂರರ ಆಚೆ ಇದ್ದವರು, ಎರಡನೇ ಸ್ಥಾನದ ಕೊಂಟವೇಟ್‌ರನ್ನು ಮಣಿಸಿದರು. ವರ್ಷಾಂತ್ಯಕ್ಕೆ ಶ್ವಾಂಟೆಕ್ ಖಾತೆಯಲ್ಲಿ 11,085 ಅಂಕ, ಜಬೇರ್ ಖಾತೆಯಲ್ಲಿ 5,055. ವಿಂಬಲ್ಡನ್‌ನ 1300 ಸೇರಿದ್ದರೂ ಮೊದಲ ಸ್ಥಾನ ಶ್ವಾಂಟೆಕ್‌ರದ್ದೇ. ಅದರಲ್ಲಿ ತಕರಾರಿಲ್ಲ. ಆದರೆ ರಿಬಾಕಿನಾ ವರ್ಷ ಮುಗಿಸಿದ್ದು 22ನೇ ಸ್ಥಾನದಲ್ಲಿ. ಆ 2000 ಅಂಕ ಬರೆಯಲ್ಪಟ್ಟಿದ್ದರೆ ಅಗ್ರ ಹತ್ತರೊಳಗಿರುತ್ತಿದ್ದರು. ವಿಂಬಲ್ಡನ್ 20 ಲಕ್ಷ ಪೌಂಡುಗಳ ಬಹುಮಾನವನ್ನೇನೋ ಕೊಟ್ಟಿತು. ಆದರೆ ಮುಂದಿನ ಟೂರ್ನಿಗಳಲ್ಲಿ ಯಾರೆದುರು ಯಾವಾಗ ಆಡಬೇಕೆಂಬುದನ್ನು ನಿರ್ಧರಿಸುವುದು ರ‍್ಯಾಂಕಿಂಗ್. ಹಣದಿಂದ ಅದನ್ನು ಕೊಳ್ಳಲಾಗದು.

2023ರಲ್ಲಿ ವಿಂಬಲ್ಡನ್ ನಿಷೇಧವನ್ನು ಹಿಂತೆಗೆಯಿತು. ತಟಸ್ಥರೆಂದು ಸಹಿ ಹಾಕಿದರೆ ಆಡಬಹುದು ಎಂದಿತು. ಆಗ ಯುದ್ಧ ನಿಂತಿರಲಿಲ್ಲ. ಅಂದರೆ ಹಿಂದಿನ ವರ್ಷವೂ ಈ ದಾರಿ ತೆರೆದೇ ಇತ್ತು.

ಅದಕ್ಕೂ ಮುಂಚೆ, ಅದೇ ವರ್ಷದ ಜನವರಿಯಲ್ಲಿ, ಮೆಲ್ಬೋರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ನಡೆಯಿತು. ವಿಂಬಲ್ಡನ್ ವಿಜೇತೆ ರಿಬಾಕಿನಾಗೆ ಮೊದಲ ಸುತ್ತಿನ ಪಂದ್ಯ ನೀಡಿದ್ದು ಮೂಲೆಯಲ್ಲಿರುವ 13ನೇ ಅಂಗಣದಲ್ಲಿ. ಅಲ್ಲಿಂದ ಅವರು ಶ್ವಾಂಟೆಕ್‌ರನ್ನೂ ಅಜರೆಂಕಾರನ್ನೂ ಸೋಲಿಸಿ ಫೈನಲಿಗೆ ಬಂದರು. ಎದುರಿಗೆ ನಿಂತವರು ಸಬಲೆಂಕಾ. ಗೆದ್ದರೂ ಅಂಕ ಸಿಗದವರೊಬ್ಬರು, ಆಡಲೇ ಬಿಡದವರೊಬ್ಬರು. ಮೂರು ಸೆಟ್‌ಗಳ ಆ ಪಂದ್ಯವನ್ನು ಸಬಲೆಂಕಾ 4-6, 6-3, 6-4ರಿಂದ ಗೆದ್ದರು. ಅವರ ಹೆಸರಿನ ಪಕ್ಕದಲ್ಲಿ ಧ್ವಜವಿರಲಿಲ್ಲ. ಸೋಮವಾರದ ಪಟ್ಟಿಯಲ್ಲಿ ಅವರು ಎರಡನೇ ಸ್ಥಾನದಲ್ಲಿದ್ದರು. ರಿಬಾಕಿನಾ ಹತ್ತನೆಯವರಾಗಿ ಅಗ್ರ ಹತ್ತರ ಸಾಲಿಗೆ ಮೊದಲ ಬಾರಿಗೆ ಕಾಲಿಟ್ಟರು. ವಿಂಬಲ್ಡನ್ ಗೆದ್ದಾಗ ಸಿಗದ ಆ ಜಾಗ ಅವರಿಗೆ ದಕ್ಕಿದ್ದು ಒಂದು ಫೈನಲ್ ಸೋತಾಗ.